ಮುಳುಗದ ಹಡಗು ಸೋತ ಬಗೆ

ಜಪಾನಿನ ದಜೈಫು ಊರಿನಲ್ಲಿ, ಹೆಸರುವಾಸಿಯಾದ ತೆನ್‌ಮಾಂಗು ದೇಗುಲದ ಆಸುಪಾಸಿನಲ್ಲೇ, ತೇಎನ್‌ಕಾನ್ ಎಂಬ ಹಳೆಯ ಮನೆಯೊಂದಿದೆ. ಅದರ ಹೆಬ್ಬಾಗಿಲಿನ ಕದಗಳು ಕಬ್ಬಿಣದ ತಗಡಿನವು. ತಗಡಿನಲ್ಲಿ ಅಲ್ಲಲ್ಲಿ ತೂತು. ಬೇಕೆಂದೇ ತೂತುಬಿದ್ದ ತಗಡನ್ನು ಹುಡುಕಿ ತಂದು ಬಾಗಿಲು ಮಾಡಿಸಿದ ಮನೆ ಇನ್ನೊಂದಿರಲಾರದು. ಚೀನಾದ ವೇಹೈವೇ ಕೊಲ್ಲಿಯಲ್ಲಿ ಒಡೆದು ಬಿದ್ದಿದ್ದ ಚೀನೀ ಯುದ್ಧನೌಕೆಯ ಮರ, ಕಬ್ಬಿಣಗಳನ್ನು ತರಿಸಿ ಈ ಮನೆ ಕಟ್ಟಿದ್ದು 1890ರ ದಶಕದಲ್ಲಿ. ತೂತು ಮಾಡಿದ್ದು ಜಪಾನಿನದೇ ಗುಂಡು. ನೌಕೆಯ ಹೆಸರು ಡಿಂಗ್‌ಯುವಾನ್. ಜಪಾನಿಗಳ ಬಾಯಲ್ಲಿ ತೇಎನ್.

2020ರಲ್ಲಿ ಅದೇ ಕೊಲ್ಲಿಯ ತಳದಿಂದ ಚೀನೀ ಪುರಾತತ್ವಜ್ಞರು ಅದೇ ನೌಕೆಯ ಇನ್ನೊಂದು ತುಂಡನ್ನು ಕ್ರೇನ್ ಹಾಕಿ ಮೇಲೆತ್ತಿದರು. ಒಂದೇ ಹಲಗೆ, ತೂಕ 18.7 ಟನ್, ದಪ್ಪ ಒಂದು ಅಡಿಗೂ ಮಿಗಿಲು. ಇಂಥ ಹಲಗೆಗಳನ್ನು ಹೊಂದಿಸಿ ಮಾಡಿದ್ದ ನಡುಕವಚವನ್ನು 1894ರ ಚೀನಾ-ಜಪಾನ್ ಯುದ್ಧದ ಯಾಲು ಕಾಳಗದ ದಿನ ಒಂದು ಜಪಾನೀ ಗುಂಡಿಗೂ ಭೇದಿಸಲು ಆಗಲಿಲ್ಲ.

ತೂತುಬಿದ್ದ ತಗಡು, ತೂತು ಬೀಳದ ಉಕ್ಕು ಎರಡೂ ಒಂದೇ ಹಡಗಿನವು. ಈ ಹಡಗು ಸೋತದ್ದು ಏಕೆ ಎಂಬ ಪ್ರಶ್ನೆಗೆ ಕಳೆದ 125ಕ್ಕೂ ಹೆಚ್ಚು ವರ್ಷಗಳಲ್ಲಿ ಬಂದ ಉತ್ತರಗಳನ್ನು ರಾಶಿ ಹಾಕಿದರೆ ಅದೂ ಒಂದು ಹಡಗಿನಷ್ಟಾದೀತು. ಮಹಾರಾಣಿ ದುಡ್ಡು ತಿಂದಳು, ನಾವಿಕರು ಫಿರಂಗಿಯ ಮೇಲೆ ಬಟ್ಟೆ ಒಣಹಾಕಿದರು, ಗುಂಡಿನೊಳಗೆ ಮದ್ದಿನ ಬದಲು ಸಿಮೆಂಟು ತುಂಬಿದ್ದರು, ಅಡ್ಮಿರಲ್‌ಗೆ ಕುದುರೆ ಗೊತ್ತಿತ್ತೇ ಹೊರತು ಕಡಲು ಗೊತ್ತಿರಲಿಲ್ಲ. ಒಂದೊಂದರಲ್ಲೂ ಎಷ್ಟು ಹುರುಳಿದೆ, ಎಷ್ಟು ಹೊಟ್ಟು ಎಂದು ತೂರಿ ನೋಡಬೇಕಾಗಿದೆ.

ಮೊದಲು ಹಡಗಿನಿಂದಲೇ ಶುರುಮಾಡೋಣ. 1874ರಲ್ಲಿ ಜಪಾನ್ ತೈವಾನಿನ ಮೇಲೆ ದಂಡೆತ್ತಿ ಹೋದಾಗ ಚೀನಾದ ಚಿಂಗ್ ಆಸ್ಥಾನಕ್ಕೆ ತನ್ನ ಕರಾವಳಿಗೆ ಬಾಗಿಲೇ ಇಲ್ಲವೆಂಬುದು ಮನವರಿಕೆಯಾಯಿತು. ಕಡಲಿಗೆ ಖರ್ಚು ಮಾಡಬೇಕೋ ಪಶ್ಚಿಮದ ಗಡಿನಾಡಿಗೋ ಎಂದು ದೊಡ್ಡ ವಾದ ನಡೆಯಿತು. ಕಡಲಿನ ಪರ ನಿಂತವನು ಝಿಲಿ ಪ್ರಾಂತ್ಯದ ಗವರ್ನರ್ ಜನರಲ್ ಲಿ ಹೊಂಗ್‌ಝಾಂಗ್. ಅವನ ಪರವಾಗಿ ಬರ್ಲಿನ್‌ನಲ್ಲಿದ್ದ ರಾಯಭಾರಿ ಲಿ ಫೆಂಗ್‌ಬಾವೊ ಜರ್ಮನಿಯ ಸ್ಟೆಟಿನ್‌ನಲ್ಲಿದ್ದ ವಲ್ಕನ್ ಹಡಗುಕಟ್ಟೆಗೆ ಆರ್ಡರ್ ಕೊಟ್ಟ. ಆ ಊರು ಈಗ ಪೋಲೆಂಡಿನಲ್ಲಿದೆ. ಡಿಂಗ್‌ಯುವಾನ್ ನೀರಿಗಿಳಿದದ್ದು 1881ರ ಡಿಸೆಂಬರ್ 28ರಂದು, ಜೋಡಿ ಹಡಗು ಝೆನ್‌ಯುವಾನ್ ಮರುವರ್ಷ. ಹೆಸರುಗಳ ಅರ್ಥ ಹೆಚ್ಚುಕಡಿಮೆ ‘ದೂರದವರನ್ನು ಶಾಂತಗೊಳಿಸುವುದು’, ‘ದೂರದವರನ್ನು ಹತೋಟಿಯಲ್ಲಿಡುವುದು’ ಎಂದು. ಪಾಪ, ಎರಡೂ ಹಡಗುಗಳು ಕೊನೆಗೆ ಕಾದಾಡಿದ್ದು ತಮ್ಮ ಮನೆಯಂಗಳದಲ್ಲೇ.

ಸಾಮಾನು ಮಾತ್ರ ಕಳಪೆಯದಾಗಿರಲಿಲ್ಲ. ಬ್ರಿಟನ್ನಿನ ಇನ್‌ಫ್ಲೆಕ್ಸಿಬಲ್ ಮತ್ತು ಜರ್ಮನಿಯ ಸಾಕ್ಸನ್ ನೌಕೆಗಳೆರಡರ ಗುಣ ಹೊಂದಿಸಿ ವಿನ್ಯಾಸ ಮಾಡಿದ್ದರು. ಸುಮಾರು 94 ಮೀಟರ್ ಉದ್ದ, 7,000 ಟನ್ನಿಗೂ ಹೆಚ್ಚಿನ ತೂಕ, ಬೆಲೆ ಸುಮಾರು 62 ಲಕ್ಷ ಜರ್ಮನ್ ಮಾರ್ಕ್. ಕ್ರುಪ್ ಕಾರ್ಖಾನೆಯ 305 ಮಿಲಿಮೀಟರ್ ಬಾಯಿಯ ನಾಲ್ಕು ಫಿರಂಗಿಗಳನ್ನು ಎರಡೆರಡಾಗಿ ಎರಡು ದುಂಡನೆಯ ಉಕ್ಕಿನ ಕಟ್ಟೆಗಳ ಒಳಗೆ ಕೂರಿಸಿದ್ದರು. ಕಟ್ಟೆಗಳು ಎದುರುಬದುರಾಗಿರಲಿಲ್ಲ, ಬಲಗಡೆಯದು ತುಸು ಮುಂದೆ, ಎಡಗಡೆಯದು ತುಸು ಹಿಂದೆ, ಓರೆಯಾಗಿದ್ದವು. ನೇರ ಮುಂದಕ್ಕೆ ನಾಲ್ಕೂ ಫಿರಂಗಿ ಒಟ್ಟಿಗೆ ಹಾರಿಸಬಹುದೆಂಬುದು ಈ ಓರೆಯ ಗುಟ್ಟು. ಈ ಓರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಕವಚವಿದ್ದದ್ದು ಹಡಗಿನ ನಡುಭಾಗಕ್ಕೆ ಮಾತ್ರ: ಎಂಜಿನ್, ಬಾಯ್ಲರ್, ಮದ್ದಿನ ಉಗ್ರಾಣ, ಫಿರಂಗಿಯ ಬುಡ ಎಲ್ಲ ಅದರೊಳಗೆ. ಮುಂದಿನ ಮೂತಿ, ಹಿಂದಿನ ಬಾಲ ಬರೀ ತಗಡು. ದಜೈಫುವಿನ ಬಾಗಿಲಿನಂಥ ತೂತುಗಳು ಬಿದ್ದದ್ದು ಇಂಥ ಕಡೆ.

ಹಡಗು ಸಿದ್ಧವಾಗುವ ಹೊತ್ತಿಗೆ ಚೀನಾಕ್ಕೂ ಫ್ರಾನ್ಸಿಗೂ ಯುದ್ಧ ಹತ್ತಿಕೊಂಡಿತು. ತಟಸ್ಥವಾಗಿದ್ದ ಜರ್ಮನಿ ಹಡಗುಗಳನ್ನು ಬಿಟ್ಟುಕೊಡಲಿಲ್ಲ. ದುಡ್ಡು ಕೊಟ್ಟು ಕೊಂಡ ಕವಚನೌಕೆ ಬಂದರಿನಲ್ಲಿ ಲಂಗರು ಹಾಕಿಕೊಂಡು ನಿಂತಿರುವಾಗಲೇ ಫುಝೌ ಬಂದರಿನಲ್ಲಿ ಚೀನಾದ ಇನ್ನೊಂದು ನೌಕಾದಳ ಫ್ರೆಂಚರ ಕೈಯಲ್ಲಿ ನುಚ್ಚುನೂರಾಯಿತು. 1885ರಲ್ಲಿ ಸಂಧಿಯಾದ ಮೇಲೆ ಜರ್ಮನ್ ನಾವಿಕರು ಜರ್ಮನ್ ಧ್ವಜದಡಿಯಲ್ಲಿ ಹಡಗುಗಳನ್ನು ತಂದೊಪ್ಪಿಸಿದರು.

ಏಷ್ಯಾದಲ್ಲಿ ಆಗ ಇವಕ್ಕೆ ಸಾಟಿ ಇರಲಿಲ್ಲ. ಆದರೆ ಇಷ್ಟು ದೊಡ್ಡ ಹಡಗಿನ ತಳ ಕೆರೆದು ಬಣ್ಣ ಬಳಿಯಲು ಬೇಕಾದ ಡ್ರೈ ಡಾಕ್ ಇವು ಸೇರಿದ್ದ ಉತ್ತರ ಚೀನಾದ ಬೇಯಾಂಗ್ ನೌಕಾಪಡೆಯ ಬಳಿ ಇರಲಿಲ್ಲ. ಲ್ಯುಶುನ್‌ನ ಡಾಕ್, ಅಂದರೆ ಪೋರ್ಟ್ ಆರ್ಥರ್‌ನದು, ಮುಗಿದದ್ದು 1890ರಲ್ಲಿ. ಅಲ್ಲಿಯವರೆಗೆ ಏನು ಮಾಡುವುದು? 1886ರ ಆಗಸ್ಟಿನಲ್ಲಿ ಹಡಗುಗಳು ಜಪಾನಿನ ನಾಗಾಸಾಕಿಗೆ ಹೋದವು. ಯಾರನ್ನು ಹೆದರಿಸಲು ಹಡಗು ಕೊಂಡರೋ ಅವರ ಅಂಗಳದಲ್ಲೇ ಅದರ ರಿಪೇರಿ! ಅಲ್ಲಿ ರಜೆಯ ಮೇಲೆ ದಡಕ್ಕಿಳಿದ ನಾವಿಕರಿಗೂ ಪೊಲೀಸರಿಗೂ ಜಗಳ ಹತ್ತಿ, ಎರಡು ದಿನ ಬಿಟ್ಟು ಅದು ಬೀದಿಕಾಳಗವೇ ಆಗಿ, ಎರಡೂ ಕಡೆ ಹೆಣ ಬಿದ್ದವು.

ನನಗೆ ಕಂಡಂತೆ ಈ ಹಡಗುಗಳ ಚರಿತ್ರೆಯಲ್ಲಿ ಯಾಲು ಕಾಳಗಕ್ಕಿಂತ ದೊಡ್ಡ ತಿರುವು ಈ ನಾಗಾಸಾಕಿಯದು. ಬಂದರಿನಲ್ಲಿ ನಿಂತ ಆ ಉಕ್ಕಿನ ಗುಡ್ಡಗಳನ್ನು ಜಪಾನ್ ಕಣ್ತುಂಬ ನೋಡಿತು, ನೋಡಿ ಸುಮ್ಮನಿರಲಿಲ್ಲ. 1887ರಲ್ಲಿ ಮೇಯ್ಜಿ ಚಕ್ರವರ್ತಿ ಕರಾವಳಿ ರಕ್ಷಣೆಗೆಂದು ತನ್ನ ಅರಮನೆಯ ಹಣದಿಂದ 3 ಲಕ್ಷ ಯೆನ್ ಕೊಟ್ಟ. ಸಿರಿವಂತರೂ ವಂತಿಗೆ ಸುರಿದರು. ಫ್ರೆಂಚ್ ಎಂಜಿನಿಯರ್ ಎಮಿಲ್ ಬೆರ್ತಾನನ್ನು ಕರೆಸಿ, ಈ ಎರಡು ಹಡಗುಗಳನ್ನು ಹೊಡೆಯಲೆಂದೇ ಮತ್ಸುಶಿಮಾ, ಇತ್ಸುಕುಶಿಮಾ, ಹಶಿದಾತೆ ಎಂಬ ಮೂರು ಕ್ರೂಸರ್‌ಗಳನ್ನು ಮಾಡಿಸಿದರು. ಒಂದೊಂದಕ್ಕೂ 320 ಮಿಲಿಮೀಟರಿನ ಒಂದೊಂದು ರಾಕ್ಷಸ ಫಿರಂಗಿ. ಜಪಾನಿನ ಮಕ್ಕಳು ಡಿಂಗ್‌ಯುವಾನ್, ಝೆನ್‌ಯುವಾನ್ ಹಿಡಿಯುವ ಆಟ ಆಡುತ್ತಿದ್ದರೆಂಬ ಮಾತೂ ಇದೆ. 1893ರಲ್ಲಿ ಸಂಸತ್ತು ನೌಕಾ ಬಜೆಟ್ಟಿಗೆ ಕೊಕ್ಕೆ ಹಾಕಿದಾಗ ಚಕ್ರವರ್ತಿ ಮತ್ತೆ ಆರು ವರ್ಷ ಕಾಲ ವರ್ಷಕ್ಕೆ 3 ಲಕ್ಷ ಯೆನ್ ಬಿಟ್ಟುಕೊಡುವುದಾಗಿ ಘೋಷಿಸಿದ. ಅಧಿಕಾರಿಗಳ ಸಂಬಳದಲ್ಲಿ ಹತ್ತರಲ್ಲೊಂದು ಪಾಲು ಕಡಿತವಾಯಿತು. ಡಿಂಗ್‌ಯುವಾನ್ ಕಟ್ಟಿದ ನೌಕಾಪಡೆ ಯಾವುದು ಎಂದು ಯಾರಾದರೂ ಕೇಳಿದರೆ ಜಪಾನಿನದು ಎಂದೇ ನಾನು ಹೇಳುವುದು.

ಬಟ್ಟೆ ಒಣಹಾಕಿದ ಕಥೆಯ ಬೇರೂ ಇಂಥ ಒಂದು ಭೇಟಿಯಲ್ಲಿದೆ. ಮುಂದೆ ತ್ಸುಶಿಮಾ ಕಾಳಗದಲ್ಲಿ ರಷ್ಯನ್ನರನ್ನು ಸೋಲಿಸಿ ಲೋಕವಿಖ್ಯಾತನಾದ ಟೋಗೋ ಹೆಯಿಹಾಚಿರೋ, ಜಪಾನಿಗೆ ಬಂದಿದ್ದ ಈ ಹಡಗನ್ನು ದೂರದಿಂದ ನೋಡಿ, ಫಿರಂಗಿಯ ಕೊಳವೆಗಳ ಮೇಲೆ ನಾವಿಕರ ಚಡ್ಡಿ ಅಂಗಿ ಒಣಗುತ್ತಿದ್ದದ್ದು ಕಂಡು, ಈ ಪಡೆಯಲ್ಲಿ ಶಿಸ್ತಿಲ್ಲ, ಗೆಲ್ಲಬಹುದು ಎಂದುಕೊಂಡನಂತೆ. ಚೀನಾದಲ್ಲೂ ಇದು ಪಾಠದಂತೆ ಬಾಯಿಂದ ಬಾಯಿಗೆ ಹರಡಿದೆ. ಈಚಿನ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಫಿರಂಗಿಯಿರುವುದು ಎತ್ತರದ ಕಟ್ಟೆಯ ಮೇಲೆ, ಕೊಳವೆ ತೆಂಗಿನ ಮರಕ್ಕಿಂತ ದಪ್ಪ. ಡೆಕ್ಕಿನ ತುಂಬ ಹಗ್ಗಗಳಿರುವಾಗ ಅಲ್ಲಿಗೆ ಹತ್ತಿ ಬಟ್ಟೆ ಹರವುವ ದಡ್ಡ ನಾವಿಕ ಯಾರು? ನಾವಿಕನಾದವನು ಬಟ್ಟೆ ಒಗೆಯಲೇಬೇಕು. ಆ ಕಾಲದ ಯಾವ ದೇಶದ ಹಡಗಿನಲ್ಲೂ ಒಗೆತದ ದಿನ ಬಟ್ಟೆ ತೂಗಾಡುತ್ತಲೇ ಇರುತ್ತಿತ್ತು. ಸೋತವರ ಹಡಗಿನ ಮೇಲೆ ಒಣಗಿದರೆ ಮಾತ್ರ ಅದು ಅಪಶಕುನ.

ಮಹಾರಾಣಿಯ ಕಥೆ ಇಷ್ಟು ಹಗುರದ್ದಲ್ಲ. ಬೀಜಿಂಗ್‌ನ ಬೇಸಿಗೆ ಅರಮನೆಯ ಕೆರೆಯ ದಡದಲ್ಲಿ ಒಂದು ‘ಅಮೃತಶಿಲೆಯ ದೋಣಿ’ ಇದೆ. 18ನೇ ಶತಮಾನದ ಕಲ್ಲಿನ ತಳ. 1860ರಲ್ಲಿ ಬ್ರಿಟಿಷರೂ ಫ್ರೆಂಚರೂ ಅದರ ಮೇಲ್ಭಾಗ ಸುಟ್ಟರು. ಸಿಶಿ ಮಹಾರಾಣಿ 1893ರಲ್ಲಿ ಅದನ್ನು ಮತ್ತೆ ಕಟ್ಟಿಸಿದಳು. ಮೇಲಿನ ಎರಡು ಅಂತಸ್ತು ಮರದ್ದು, ಕಲ್ಲಿನಂತೆ ಕಾಣುವ ಬಣ್ಣ ಬಳಿದದ್ದು. ಉಗಿಹಡಗಿನ ಹಾಗಿರಲೆಂದು ಎರಡು ಪಕ್ಕಕ್ಕೂ ಕಲ್ಲಿನ ಗಾಲಿಗಳನ್ನು ಅಂಟಿಸಿದ್ದಾರೆ. ಎಂದೂ ತಿರುಗದ ಗಾಲಿ. ಇದನ್ನು ನೋಡಿದ ಯಾರಿಗಾದರೂ ನೌಕಾಪಡೆಯ ದುಡ್ಡು ಹೋದದ್ದು ಎಲ್ಲಿಗೆ ಎಂದು ಬೇರೆ ಹೇಳಬೇಕಿಲ್ಲ ಅನ್ನಿಸುತ್ತದೆ. ನೌಕಾ ಇಲಾಖೆಯ ಮುಖ್ಯಸ್ಥನಾಗಿದ್ದವನು ಬಾಲ ಚಕ್ರವರ್ತಿಯ ತಂದೆ, ರಾಜಕುಮಾರ ಚುನ್. ಕೆರೆಯಲ್ಲಿ ನೌಕಾ ತರಬೇತಿ ಎಂಬ ನೆಪ ಒಡ್ಡಿ ಅರಮನೆಯ ಕೆಲಸ ನಡೆಸಿದ್ದು ನಿಜ. ಎಷ್ಟು ಹಣ ಎಂಬಲ್ಲಿ ಮಾತ್ರ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ: ಕೆಲವೇ ಲಕ್ಷ ತೇಲ್ (ಚೀನೀ ತೂಕದ ಅಳತೆ) ಬೆಳ್ಳಿಯಿಂದ ಹಿಡಿದು ಕೋಟಿಗಟ್ಟಲೆ ಎನ್ನುವವರೆಗೂ ಇದ್ದಾರೆ. ದೊಡ್ಡ ಅಂಕಿಗಳನ್ನು ನಾನು ನಂಬುವುದಿಲ್ಲ. ನಂಬಿದರೂ ಪ್ರಶ್ನೆ ಉಳಿಯುತ್ತದೆ: ಅರಮನೆ ಕಟ್ಟದಿದ್ದರೆ ಆ ಹಣ ಹಡಗಿಗೆ ಬರುತ್ತಿತ್ತೇ?

ಬರುತ್ತಿರಲಿಲ್ಲ ಎನ್ನಲು ಕಾರಣವಿದೆ. 1888ರಲ್ಲಿ ಬೇಯಾಂಗ್ ನೌಕಾಪಡೆ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಅದಾದ ಮೇಲೆ ವಿದೇಶದಿಂದ ಒಂದು ಹೊಸ ದೊಡ್ಡ ಹಡಗೂ ಅದಕ್ಕೆ ಸೇರಲಿಲ್ಲ. 1891ರಲ್ಲಿ ಖಜಾನೆ ಇಲಾಖೆ ವಿದೇಶೀ ಹಡಗು, ಫಿರಂಗಿಗಳ ಖರೀದಿಯನ್ನೇ ಎರಡು ವರ್ಷ ನಿಲ್ಲಿಸಿತು. ಆ ಇಲಾಖೆಯ ಮುಖ್ಯಸ್ಥ ವೆಂಗ್ ತೊಂಗ್‌ಹೆಗೂ ಲಿ ಹೊಂಗ್‌ಝಾಂಗನಿಗೂ ಎಣ್ಣೆ ಸೀಗೆಕಾಯಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ವೈರಕ್ಕಿಂತ ಆಳದ್ದು ಇನ್ನೊಂದು ಭಾವನೆ: ಹಡಗು ತಂದಾಯಿತಲ್ಲ, ಇನ್ನೇನು? ಯುದ್ಧನೌಕೆ ಎಂದರೆ ಒಮ್ಮೆ ಮಾಡಿಸಿ ತಿಜೋರಿಯಲ್ಲಿಡುವ ಒಡವೆಯಲ್ಲ, ದಿನಾ ಮೇವು ಕೇಳುವ ಆನೆ. ಇವರು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಹೊಯ್ದರು. ಕೈಪಿಂಗ್ ಗಣಿಯಿಂದ ಬಂದ ಕಲ್ಲಿದ್ದಲಿನಲ್ಲಿ ಪುಡಿಯೇ ಹೆಚ್ಚೆಂದು ಅಡ್ಮಿರಲ್ ಡಿಂಗ್ ರುಚಾಂಗ್ ದೂರಿಕೊಂಡ.

ಇದೇ ವರ್ಷಗಳಲ್ಲಿ ಲೋಕದ ನೌಕಾವಿದ್ಯೆ ಓಟ ಕಿತ್ತಿತ್ತು. ಡಿಂಗ್‌ಯುವಾನ್‌ನ ದೊಡ್ಡ ಫಿರಂಗಿ ಒಮ್ಮೆ ಹಾರಿದರೆ ಮತ್ತೆ ತುಂಬಿ ಗುರಿಯಿಡಲು ನಿಮಿಷಗಳೇ ಬೇಕು. ಜಪಾನ್ ಕೊಂಡ ಹೊಸ ಶೀಘ್ರ ಫಿರಂಗಿಗಳು 120, 152 ಮಿಲಿಮೀಟರಿನ ಚಿಕ್ಕವು. ಆದರೆ ಒಂದೇ ನಿಮಿಷದಲ್ಲಿ ಹಲವು ಗುಂಡು ಸುರಿಯುವಂಥವು. ಬ್ರಿಟನ್ನಿನಲ್ಲಿ ಕಟ್ಟಿಸಿದ ಯೋಶಿನೋ 23 ನಾಟ್ ಓಡುತ್ತಿತ್ತು. ಡಿಂಗ್‌ಯುವಾನ್ ಹೊಸತಾಗಿದ್ದಾಗಲೇ 15ರ ಆಸುಪಾಸು.

1894ರ ಸೆಪ್ಟೆಂಬರ್ 17, ಯಾಲು ನದಿಯ ಅಳಿವೆಯ ಹತ್ತಿರ ಎರಡು ಪಡೆಗಳೂ ಎದುರಾದವು. ಝೆನ್‌ಯುವಾನ್‌ನಲ್ಲಿದ್ದ ಅಮೆರಿಕನ್ ಅಧಿಕಾರಿ ಫೈಲೋ ಮೆಕ್‌ಗಿಫಿನ್ ಬರೆದಿಟ್ಟ ವಿವರ ಓದಿದರೆ ಆ ಬೆಳಗಿನ ಸಿದ್ಧತೆ ಕಣ್ಣಿಗೆ ಕಟ್ಟುತ್ತದೆ. ಹಡಗುಗಳಿಗೆ ಬೂದುಬಣ್ಣ ಬಳಿದಿದ್ದರು. ಫಿರಂಗಿಗಳ ಮೇಲಿದ್ದ ತೆಳು ಉಕ್ಕಿನ ಮುಚ್ಚಳಗಳನ್ನು ಕಳಚಿ ಹಾಕಿದ್ದರು; ಗುಂಡು ಅದರೊಳಗೆ ಹೊಕ್ಕು ಸಿಡಿದರೆ ಒಳಗಿದ್ದವರೆಲ್ಲ ಹೋದಂತೆಯೇ. ಬದಲಿಗೆ ಮರಳಿನ ಮೂಟೆ, ಕಲ್ಲಿದ್ದಲಿನ ಮೂಟೆ ಒಟ್ಟಿದ್ದರು. ಹಡಗಿಗೆ ಒಂದೊಂದು ಸಣ್ಣ ದೋಣಿ ಬಿಟ್ಟು ಉಳಿದ ದೋಣಿಗಳನ್ನೆಲ್ಲ ದಡದಲ್ಲೇ ಬಿಟ್ಟು ಬಂದಿದ್ದರು. ದೋಣಿಯಿಲ್ಲ ಎಂದರೆ ಓಡಿಹೋಗುವ ದಾರಿಯಿಲ್ಲ. ಶಿಸ್ತಿಲ್ಲದ ಪಡೆ ಎನ್ನುವವರು ಈ ಒಂದು ವಿವರಕ್ಕೆ ಏನು ಹೇಳುತ್ತಾರೋ.

ಚೀನೀ ಹಡಗುಗಳು ಸಾಲಾಗಿ ಒಂದರ ಪಕ್ಕ ಒಂದು, ಮೂತಿ ಮುಂದೆ ಮಾಡಿ ಬಂದವು. ಇದಕ್ಕಾಗಿ ಡಿಂಗ್‌ನನ್ನು ಬೈದವರಿಗೆ ಲೆಕ್ಕವಿಲ್ಲ: ಕುದುರೆ ದಂಡಿನಿಂದ ಬಂದವನು, ಕಡಲನ್ನೂ ಬಯಲೆಂದುಕೊಂಡ ಎಂದು. ಆದರೆ ಆ ಓರೆಯಾಗಿ ಕೂರಿಸಿದ ಫಿರಂಗಿಗಳನ್ನು ನೆನೆಯಿರಿ. ನಾಲ್ಕೂ ಒಟ್ಟಿಗೆ ಹಾರಬೇಕಾದರೆ ಮೂತಿ ಶತ್ರುವಿನ ಕಡೆಗೇ ಇರಬೇಕು. 1866ರ ಲಿಸ್ಸಾ ಕಾಳಗದಲ್ಲಿ ಆಸ್ಟ್ರಿಯನ್ನರು ಹೀಗೆ ನುಗ್ಗಿಯೇ ಗೆದ್ದಿದ್ದರು. ಸ್ಟೆಟಿನ್‌ನ ವಿನ್ಯಾಸಗಾರರ ತಲೆಯಲ್ಲಿದ್ದದ್ದೂ ಅದೇ ಪಾಠ. ವ್ಯೂಹ ರಚಿಸಿದ್ದು ಡಿಂಗ್ ಇರಬಹುದು, ಆದರೆ ಅದನ್ನು ಹದಿಮೂರು ವರ್ಷ ಮೊದಲೇ ಹಡಗಿನೊಳಗೆ ಕಟ್ಟಿಟ್ಟಿದ್ದರು.

ಮಧ್ಯಾಹ್ನ ಒಂದು ಗಂಟೆಗೆ ತುಸು ಮೊದಲು ಡಿಂಗ್‌ಯುವಾನ್ ಮೊದಲ ಗುಂಡು ಹಾರಿಸಿತು. ಫಿರಂಗಿಗಳ ಮೇಲುಗಡೆ ಹಾದುಹೋಗಿದ್ದ ಅಟ್ಟಣೆಯ ಮೇಲೆ ನಿಂತಿದ್ದ ಅಡ್ಮಿರಲ್ ಕೆಳಗುರುಳಿದ, ಕಾಲು ಜಜ್ಜಿಹೋಯಿತು. ಹಡಗಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಟೈಲರ್, ಇದು ಸ್ವಂತ ಫಿರಂಗಿಯ ಹೊಡೆತಕ್ಕೇ ಆದದ್ದು ಎಂದು ಮುಂದೆ ಬರೆದ; ಜಪಾನೀ ಗುಂಡಿನಿಂದ ಎನ್ನುವವರೂ ಇದ್ದಾರೆ. ಯಾವುದಾದರೂ ಆಗಲಿ, ಸಂಕೇತ ಹಾರಿಸುವ ವ್ಯವಸ್ಥೆಯೇ ಕೈಕೊಟ್ಟು ಉಳಿದ ಮಧ್ಯಾಹ್ನವೆಲ್ಲ ಪಡೆಗೆ ತಲೆಯಿಲ್ಲದಂತಾಯಿತು. ಡಿಂಗ್ ಒಳಗೆ ಹೋಗಲೊಪ್ಪದೆ ಡೆಕ್ಕಿನಲ್ಲೇ ಕುಳಿತ. ಹಡಗನ್ನು ನಡೆಸಿದವನು ಇಂಗ್ಲೆಂಡಿನಲ್ಲಿ ಕಲಿತು ಬಂದಿದ್ದ ಕಪ್ತಾನ ಲಿಯು ಬುಚಾನ್.

ಮುಂದೆ ನಡೆದದ್ದು ಎರಡು ಬೇರೆ ಬೇರೆ ಕಾಳಗ. ಹಗುರ ಹಡಗುಗಳು ಒಂದೊಂದಾಗಿ ಉರಿದು ಮುಳುಗಿದವು. ಚೀನಾ ಐದನ್ನು ಕಳೆದುಕೊಂಡಿತು. ಎರಡು ಕವಚನೌಕೆಗಳನ್ನು ಮಾತ್ರ ಜಪಾನಿನ ಮುಖ್ಯದಳ ಸುತ್ತುವರಿದು ಗಂಟೆಗಟ್ಟಲೆ ಹೊಡೆದರೂ ಅಲುಗಿಸಲಾಗಲಿಲ್ಲ. ಡಿಂಗ್‌ಯುವಾನ್‌ಗೆ 159, ಝೆನ್‌ಯುವಾನ್‌ಗೆ 220 ಏಟು ಬಿದ್ದವೆಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಡೆಕ್ಕಿನ ಮೇಲಿನದೆಲ್ಲ ಚಿಂದಿ. ಮತ್ತೆ ಮತ್ತೆ ಬೆಂಕಿ. ನಡುಕವಚದೊಳಗೆ ಎಂಜಿನ್ ಓಡುತ್ತಲೇ ಇತ್ತು. ಇವುಗಳಿಗೆಂದೇ ಮಾಡಿಸಿದ್ದ ಜಪಾನಿನ ರಾಕ್ಷಸ ಫಿರಂಗಿಗಳು ಅಂದು ಬೆರಳೆಣಿಕೆಯಷ್ಟು ಸಲ ಗರ್ಜಿಸಿ ಏನನ್ನೂ ಸಾಧಿಸಲಿಲ್ಲ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಝೆನ್‌ಯುವಾನ್‌ನ ಒಂದು ಗುಂಡು ಮತ್ಸುಶಿಮಾಕ್ಕೆ ಬಿದ್ದು ಅಲ್ಲಿ ಜೋಡಿಸಿಟ್ಟ ಮದ್ದು ಸಿಡಿಯಿತು; ಸುಮಾರು 100 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಅಡ್ಮಿರಲ್ ಇತೋ ಸುಕೆಯುಕಿ ಬೇರೆ ಹಡಗಿಗೆ ಹೋಗಬೇಕಾಯಿತು. ಮತ್ಸುಶಿಮಾದ ಮೇಲೆ ಪ್ರಾಣಬಿಡುತ್ತಿದ್ದ ನಾವಿಕನೊಬ್ಬ ಡಿಂಗ್‌ಯುವಾನ್ ಮುಳುಗಿತೇ ಎಂದು ವಿಚಾರಿಸಿದನಂತೆ. ಅದು ಜಪಾನಿನಲ್ಲಿ ಹಾಡಾಗಿ ಮನೆಮಾತಾಯಿತು.

ಇಂಥ ಗುಂಡುಗಳು ಹತ್ತು ಬಿದ್ದಿದ್ದರೆ? ಇಲ್ಲಿಗೆ ಸಿಮೆಂಟಿನ ಕಥೆ ಬರುತ್ತದೆ. ಜಪಾನೀ ನೌಕಾ ಮುಖ್ಯಸ್ಥ ಕಬಯಾಮಾ ಕುಳಿತಿದ್ದ ಸೈಕ್ಯೋ ಮಾರು ಫಿರಂಗಿ ಜೋಡಿಸಿಕೊಂಡ ಪ್ರಯಾಣಿಕರ ಹಡಗು. ದೊಡ್ಡ ಗುಂಡುಗಳು ಅದರ ಒಡಲನ್ನು ಹಾದುಹೋದರೂ ಸಿಡಿಯದೆ ಅದು ಬದುಕಿಕೊಂಡಿತು. ಇದನ್ನೆಲ್ಲ ಕಳ್ಳ ಗುತ್ತಿಗೆದಾರರ ತಲೆಗೆ ಕಟ್ಟುವುದು ಸುಲಭ. ಆದರೆ ಆ ಕಾಲದಲ್ಲಿ ಮದ್ದಿಲ್ಲದ ಗಟ್ಟಿಗುಂಡು ಎಂಬುದೇ ಬೇರೆ ಜಾತಿಯ ಸಾಮಾನು. ದಪ್ಪ ಕವಚ ಕೊರೆಯಲೆಂದು ಮಾಡಿದ್ದು. ಕವಚವಿಲ್ಲದ ಹಡಗಿಗೆ ಅದನ್ನು ಹೊಡೆದರೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತದೆ. ಬೇಕಾಗಿದ್ದದ್ದು ಸಿಡಿಗುಂಡು. ಅದರ ದಾಸ್ತಾನು ತೀರಾ ಕಡಿಮೆಯಿತ್ತು, ಕಾಳಗ ಮುಗಿಯುವ ಮೊದಲೇ ಖಾಲಿಯಾಯಿತು ಎಂಬುದನ್ನು ಮೆಕ್‌ಗಿಫಿನ್ನನೂ ಹೇಳುತ್ತಾನೆ. ಕಳ್ಳತನವೂ ನಡೆದಿರಬಹುದು, ಆದರೆ ಸೋಲಿಗೆ ಅದು ಬೇಕೇಬೇಕೆಂದಿಲ್ಲ. ಸಮಯಕ್ಕೆ ಸಿಡಿಗುಂಡು ತರಿಸದ ಒಂದು ಕಚೇರಿ ಇದ್ದರೆ ಸಾಕು.

ಸಂಜೆ ಹಿಂತೆಗೆದದ್ದು ಜಪಾನೀ ಪಡೆ. ಅಂದರೆ ಯಾಲುವಿನಲ್ಲೂ ಈ ಹಡಗುಗಳು ಸೋತಿರಲಿಲ್ಲ. ಸೋತದ್ದು ಆಮೇಲೆ, ಬಂದರಿನಲ್ಲಿ. ಹಡಗುಗಳನ್ನು ಉಳಿಸಿಕೋ ಎಂಬುದೇ ಲಿ ಹೊಂಗ್‌ಝಾಂಗ್‌ನ ಅಪ್ಪಣೆ. ನವೆಂಬರಿನಲ್ಲಿ ವೇಹೈವೇಗೆ ಒಳಬರುವಾಗ ಝೆನ್‌ಯುವಾನ್ ಬಂಡೆಗೆ ತಾಗಿ ತಳ ಸೀಳಿತು. ಕಪ್ತಾನ ಲಿನ್ ತೈಝೆಂಗ್ ಅಫೀಮು ನುಂಗಿ ಪ್ರಾಣಬಿಟ್ಟ. ಅದನ್ನು ರಿಪೇರಿ ಮಾಡಬೇಕಾಗಿದ್ದ ಲ್ಯುಶುನ್‌ನ ಡಾಕ್ ಒಂದೇ ವಾರದಲ್ಲಿ, ನವೆಂಬರ್ 21ರಂದು, ಜಪಾನೀಯರ ವಶವಾಯಿತು. ಎಂಟು ವರ್ಷದ ಹಿಂದೆ ನಾಗಾಸಾಕಿಗೆ ಹೋಗಬೇಕಾದ ಅದೇ ಸ್ಥಿತಿ, ಈಗ ಹೋಗಲು ನಾಗಾಸಾಕಿಯೂ ಇಲ್ಲ.

1895ರ ಜನವರಿ ಕೊನೆಗೆ ಜಪಾನೀ ಕಾಲಾಳುಗಳು ವೇಹೈವೇಯ ದಕ್ಷಿಣ ದಡದ ಕೋಟೆಗಳನ್ನು ಹಿಡಿದು, ಅಲ್ಲಿನ ಫಿರಂಗಿಗಳನ್ನು ಕೊಲ್ಲಿಯ ಕಡೆಗೆ ತಿರುಗಿಸಿದರು. ಫೆಬ್ರವರಿ 5ರ ನಸುಕಿನಲ್ಲಿ, ಮೂಳೆ ಕೊರೆಯುವ ಚಳಿಯಲ್ಲಿ, ಟಾರ್ಪೆಡೊ ದೋಣಿಗಳು ಬಂದರಿನೊಳಗೆ ನುಸುಳಿದವು. ಡಿಂಗ್‌ಯುವಾನ್‌ಗೆ ಹಿಂಬದಿಯಲ್ಲಿ, ನೀರಿನ ಕೆಳಗೆ ಏಟು ಬಿತ್ತು. ಅಡಿಗೂ ಮಿಗಿಲು ದಪ್ಪದ ಕವಚ ನೀರಿನ ಗೆರೆಗೆ ತಾನೇ ಇದ್ದದ್ದು! ಲಿಯುಗೊಂಗ್ ದ್ವೀಪದ ಆಳವಿಲ್ಲದ ನೀರಿಗೆ ಅದನ್ನು ಓಡಿಸಿ ಮರಳಿನ ಮೇಲೆ ಕೂರಿಸಿದರು. ಕೆಲ ದಿನ ಅಲ್ಲೇ ಕೋಟೆಯಂತೆ ಗುಂಡು ಹಾರಿಸಿತು. ಶತ್ರುವಿನ ಪಾಲಾಗದಿರಲೆಂದು ಕೊನೆಗೆ ತಾವೇ ಸಿಡಿಸಿದರು. ಲಿಯು ಬುಚಾನ್ ಅಫೀಮು ನುಂಗಿದ. ಎರಡು ದಿನ ಕಳೆಯುವುದರೊಳಗೆ ಡಿಂಗ್ ರುಚಾಂಗ್ ಕೂಡ. ಅವನನ್ನು ಬಂಧಿಸಿ ತರಬೇಕೆಂದು ಆಸ್ಥಾನ ಮೊದಲೇ ಅಪ್ಪಣೆ ಮಾಡಿತ್ತು. ಯುದ್ಧ ನಡೆಯುತ್ತಿದ್ದ ಕಾರಣಕ್ಕೆ ಅದು ಮುಂದಕ್ಕೆ ಹೋಗಿತ್ತಷ್ಟೆ. ಅವನ ಶವ ಸಾಗಿಸಲು ಒಂದು ಹಡಗು ಬಿಟ್ಟುಕೊಟ್ಟವನು ಶತ್ರುಪಡೆಯ ಇತೋ.

ಶರಣಾಗತಿಯ ಮಾತುಕತೆಯ ಒಂದು ಪ್ರಸಂಗವನ್ನು ಇಡೀ ಯುದ್ಧದ ಬಗೆಗಿನ ಪುಸ್ತಕಗಳಿಗಿಂತ ನಾನು ಹೆಚ್ಚು ನಂಬುತ್ತೇನೆ. ಚೀನೀ ಅಧಿಕಾರಿ ನ್ಯೂ ಚಾಂಗ್‌ಬಿಂಗ್ ಜಪಾನೀಯರಲ್ಲಿ ಒಂದು ಬೇಡಿಕೆಯಿಟ್ಟ: ಗುವಾಂಗ್‌ಬಿಂಗ್ ಎಂಬ ಹಡಗು ಗುವಾಂಗ್‌ಡಾಂಗ್ ಪ್ರಾಂತ್ಯದ್ದು, ಆ ಪ್ರಾಂತ್ಯಕ್ಕೂ ಈ ಯುದ್ಧಕ್ಕೂ ಸಂಬಂಧವಿಲ್ಲ, ದಯವಿಟ್ಟು ಅದನ್ನು ಹಿಂದಿರುಗಿಸಿ! ಜಪಾನೀಯರು ನಕ್ಕಿರಬೇಕು. ಆದರೆ ಅವನು ಸುಳ್ಳು ಹೇಳಿರಲಿಲ್ಲ. ಇಂಥ ಕೆಲವು ಹಡಗು ಬಿಟ್ಟರೆ ದಕ್ಷಿಣದ ನೌಕಾದಳಗಳು ಉತ್ತರದ ನೆರವಿಗೆ ಬಂದಿರಲಿಲ್ಲ. ಹತ್ತು ವರ್ಷದ ಹಿಂದೆ ಫ್ರೆಂಚರ ಎದುರು ದಕ್ಷಿಣ ಉರಿಯುವಾಗ ಉತ್ತರವೂ ಹೀಗೇ ಇತ್ತು. ಚೀನೀ ಚಿಂತಕ ಲಿಯಾಂಗ್ ಚಿಚಾವೊ 1901ರಲ್ಲಿ ಬರೆದ ಲಿ ಹೊಂಗ್‌ಝಾಂಗ್‌ನ ಜೀವನಚರಿತ್ರೆಯಲ್ಲಿ ಹೇಳುವುದೂ ಇದನ್ನೇ: ಒಂದು ದೇಶದ ಎದುರು ಒಬ್ಬ ಮನುಷ್ಯ ಕಾದಿದ್ದ.

ಯುದ್ಧ ಮುಗಿಸಿದ ಶಿಮೊನೊಸೆಕಿ ಒಪ್ಪಂದದಲ್ಲಿ ಚೀನಾ 20 ಕೋಟಿ ತೇಲ್ ಬೆಳ್ಳಿ ದಂಡ ತೆತ್ತಿತು. ಸಿಡಿಗುಂಡಿಗೆ ಇಲ್ಲದ ದುಡ್ಡು ದಂಡಕ್ಕೆ ಹೊರಟಿತು; ಅದರಲ್ಲಿ ದೊಡ್ಡ ಪಾಲು ಜಪಾನಿನ ಹೊಸ ಯುದ್ಧನೌಕೆಗಳಾಯಿತು. ಸೆರೆಸಿಕ್ಕ ಝೆನ್‌ಯುವಾನ್ ಚಿನ್‌ಎನ್ ಎಂಬ ಹೆಸರಿನಲ್ಲಿ ಜಪಾನಿನ ಪಡೆ ಸೇರಿ, 1905ರಲ್ಲಿ ತ್ಸುಶಿಮಾದಲ್ಲೂ ಇತ್ತು. ಡಾಕ್, ಕಲ್ಲಿದ್ದಲು, ಗುಂಡು ವೇಳೆಗೆ ಸರಿಯಾಗಿ ಸಿಗುವ ಕಡೆ ಅದೇ ಮುದಿ ಹಡಗು ಒಟ್ಟು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅದರ ಲಂಗರುಗಳನ್ನು ಟೋಕಿಯೊದ ಉಯೆನೋ ಉದ್ಯಾನದಲ್ಲಿ ಜನ ನೋಡಲೆಂದು ಇಟ್ಟಿದ್ದರು. ಚೀನಾಕ್ಕೆ ಅವು ಮರಳಿ ಬಂದದ್ದು 1947ರಲ್ಲಿ.

ಡಿಂಗ್‌ಯುವಾನ್‌ನ ಚುಕ್ಕಾಣಿಯ ಚಕ್ರ ಮಾತ್ರ ಮರಳಲಿಲ್ಲ. ಅದನ್ನು ಅಡ್ಡ ಮಲಗಿಸಿ ಒಂದು ಮೇಜು ಮಾಡಿದ್ದಾರೆ. ಅದು ಇರುವುದು ನಾಗಾಸಾಕಿಯ ಗ್ಲೋವರ್ ಉದ್ಯಾನದಲ್ಲಿ, ಬಂದರನ್ನು ನೋಡುವ ಗುಡ್ಡದ ಮೇಲೆ.